ಕುರಿ ಹಿಂದೆ ಹೋದ ನೆಟ್

ದಿನಕ್ಕೊಂದಾದರೂ ಗಾಬರಿ ಬೀಳುವಂಥದ್ದು ನಡೆಯದಿದ್ದರೆ ನನಗೆ ಡ್ಯೂಟಿ ಮಾಡಿದಂತೆಯೇ ಅನಿಸುವುದಿಲ್ಲ. ನಾನು ರಾಯಚೂರು–ದೇವದುರ್ಗ ಬಸ್ಸಿನ ಕಂಡಕ್ಟರ್. ಕೋಳಿಗೆ ಟಿಕೆಟ್ ತೆಗೆಸಿ ಅಂದರೆ, "ಇಳದ ಮ್ಯಾಲ ಇದು ಸಾರಾಗೂದದ, ವಾಪಸ್ ಬರಂಗಿಲ್ಲ. ಅರ್ಧಾ ಟಿಕೆಟ್ ಹರೀರಿ" ಎನ್ನುವವರ ನಡುವೆ ದಿನ ಕಳೆಯುವವನು. ಅಂಥ ನಾನೂ ಬಾಯಿ ತೆರೆದು ನಿಂತದ್ದು ಮಾನ್ವಿ ತಾಲ್ಲೂಕಿನ ಕುರ್ಡಿಯಲ್ಲಿ, ಹೆಂಡತಿಯ ತವರಿನಲ್ಲಿ.

ದೊಡ್ಡ ಫೋನು

ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಅಷ್ಟರಲ್ಲಿ ರಾಯಚೂರಿನ ಮಹಿಳಾ ಕಾಲೇಜೊಂದರಿಂದ ಉಪನ್ಯಾಸಕಿ ಕೆಲಸಕ್ಕೆ ಸಂದರ್ಶನದ ಕರೆ ಬಂತು. ಬಾಣಂತಿ ಎಂದು ತಿಳಿದು, ವಿಡಿಯೋದಲ್ಲಿ ಮಾತಾಡಿದರೆ ಸಾಕು ಎಂದರು. ಬಸುರಿಯಾಗಿದ್ದಾಗಲೂ ಪುಸ್ತಕ ಕೆಳಗಿಡದೆ ಓದಿದವಳು ಅವಳು. ಈ ನೌಕರಿ ತಪ್ಪಿದರೆ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಒಂದು ಟ್ಯಾಬ್ಲೆಟ್ ಕೊಂಡು ಕುರ್ಡಿಗೆ ಹೋದೆ.

ಅತ್ತೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದರು. ಕುಂಕುಮ ಸರಿಯಾಗಿ ಕ್ಯಾಮೆರಾದ ಕಣ್ಣಿಗೇ ಬಿತ್ತು. ಒರೆಸಿ ನೋಡಿದರೆ ನೆಟ್ ಇಲ್ಲ, ಸಿಮ್ ಹಾಕುವ ಜಾಗವೂ ಇಲ್ಲ. ಮನೆಯಲ್ಲಿ ವೈಫೈ ಮೊದಲೇ ಇಲ್ಲ. ಮಾನ್ವಿ ದಾಟಿದ ಮೇಲೆ ನನ್ನ ಫೋನಿನಲ್ಲಿ ಗಡಿಯಾರ ಬಿಟ್ಟು ಬೇರೇನೂ ನಡೆಯುವುದಿಲ್ಲ.

"ಅಳಿಯಾರ, ಇಷ್ಟ್ ದೊಡ್ಡ ಫೋನ್ ತಂದೀರಿ. ಇದಕ್ಕ ಯಾರೂ ಫೋನ್ ಮಾಡಂಗಿಲ್ಲೇನ್ರಿ?" ಎಂದರು ಅತ್ತೆ.

"ಇಲ್ರಿ ಅತ್ತಿ."

"ಹಂಗಾರ ನನ್ನ ಕುಂಕುಮ ದಂಡ ಆತು."

ಬೆಳಕಿಂಡಿ

ಆ ಮನೆಯಲ್ಲಿ ನೆಟ್ ಬರುವುದು ಮಾವನ ಫೋನಿಗೆ ಮಾತ್ರ, ಅದೂ ಮಾಳಿಗೆಯ ಮೇಲಿಟ್ಟರೆ. ಬಾಣಂತಿ ಕೋಣೆ ಬಿಟ್ಟು ಹೊರಬರುವಂತಿಲ್ಲ, ಮಾಳಿಗೆ ಹತ್ತುವ ಮಾತಂತೂ ದೂರ. ಹಾಗಾಗಿ ಮಾವನ ಫೋನನ್ನು ಮೇಲೆ ಅವಳ ಕೋಣೆಯ ಬೆಳಕಿಂಡಿಯ ಪಕ್ಕದಲ್ಲಿಟ್ಟು, ಹಾಟ್‌ಸ್ಪಾಟ್ ಹಚ್ಚಿ, ಕೆಳಗಿನ ಟ್ಯಾಬ್ಲೆಟ್‌ಗೆ ಜೋಡಿಸಿದೆ. ನೆಟ್ ಬಂತು, ಬಂದಷ್ಟೇ ಬೇಗ ಹೋಯಿತು. ಹತ್ತಿ ನೋಡಿದರೆ ಅತ್ತೆ ಬೆಳಕಿಂಡಿಗೆ ತಗಡು ಮುಚ್ಚಿ, ಅದರ ಮೇಲೊಂದು ಕಲ್ಲು ಹೇರುತ್ತಿದ್ದಾರೆ.

"ಅತ್ತಿ, ಅಲ್ಲಿಂದ ನೆಟ್ ಬರಬೇಕ್ರಿ."

"ಅಲ್ಲಿಂದ ಗಾಳೀನೂ ಬರ್ತದ. ನಾಳಿ ಅಕಿ ಸೊಂಟ ಹಿಡಕೊಂಡ್ರ ನಿಮ್ಮ ನೆಟ್ ಬಂದು ಎಣ್ಣಿ ತಿಕ್ತದೇನ್ರಿ?"

ಕೊನೆಗೆ ರಾಜಿಯಾಯಿತು. ತಗಡು ತೆಗೆಯುವುದು, ಬದಲಿಗೆ ಹೆಂಡತಿಯ ಕಿವಿಗೆ ಇನ್ನಷ್ಟು ಹತ್ತಿ ತುರುಕಿ ಮೇಲೊಂದು ಸ್ಕಾರ್ಫ್ ಬಿಗಿಯುವುದು. ನೆಟ್ ಬಂತು. ಹೆಂಡತಿಗೆ ಕೇಳುವುದು ನಿಂತಿತು.

ಹಾಡು ಕೇಳುವ ಕುರಿ

ಮರುದಿನ ಹೆಂಡತಿ ಸಂದರ್ಶನದ ತಾಲೀಮು ನಡೆಸುತ್ತಿದ್ದಾಗ ನೆಟ್ ಮತ್ತೆ ಸತ್ತಿತು. ಮಾಳಿಗೆ ಹತ್ತಿದರೆ ಅಲ್ಲಿ ಫೋನೇ ಇಲ್ಲ. ಮಾವನೂ ಮನೆಯಲ್ಲಿಲ್ಲ. ಊರ ಹೊರಗೆ ಓಡಿದರೆ ಮಾವ ಹೆಗಲಿಗೆ ಕಂಬಳಿ ಹಾಕಿ ಕುರಿ ಹೊಡೆದುಕೊಂಡು ಹೊರಟಿದ್ದಾರೆ. ಅವರ ಕಿಸೆಯೊಳಗೆ ಫೋನು ಡೊಳ್ಳಿನ ಪದ ಹಾಡುತ್ತಿದೆ.

"ಮಾವಾರ, ಫೋನ್ ಮನ್ಯಾಗ ಇರ್ಲಿ ಅಂದಿದ್ನಲ್ರಿ."

"ಬಿಟ್ಟು ನೋಡೀನಿ ಅಳಿಯಾರ. ಪದ ಕೇಳ್ಲಿಲ್ಲಂದ್ರ ಒಂದ್ ಕುರೀನೂ ಹೆಜ್ಜಿ ಕಿತ್ತಿ ಇಡಂಗಿಲ್ಲ. ನಾನಾ ಹಾಡಿ ನೋಡಿದೆ. ಹೊರಗ ಬಂದವೂ ವಾಪಸ್ ಒಳಗ ಹ್ವಾದವು."

ಸಂದರ್ಶನ ಮುಗಿಯುವವರೆಗೆ ಕುರಿ ಹೊರಬಿಡುವುದಿಲ್ಲ ಎಂದು ಅವರಿಂದ ಮಾತು ತೆಗೆದುಕೊಂಡೆ. ಕುರಿಗಳನ್ನು ಯಾರೂ ಕೇಳಲಿಲ್ಲ.

ಸಂದರ್ಶನ

ಸಂದರ್ಶನದ ದಿನ ಟ್ಯಾಬ್ಲೆಟ್‌ನಲ್ಲಿ ಕಾಲೇಜಿನ ಪ್ರಿನ್ಸಿಪಾಲ್ ಮೇಡಂ ಕಾಣಿಸಿಕೊಂಡರು. ಹೆಂಡತಿ ಕಿವಿಯ ಹತ್ತಿ ಕಿತ್ತೊಗೆದು, ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಕೊಡತೊಡಗಿದಳು. ಬಾಗಿಲಲ್ಲಿ ನಿಂತ ನಾನು ಪ್ರತಿ ಉತ್ತರಕ್ಕೂ ಹೆಮ್ಮೆಯಿಂದ ತಲೆದೂಗುತ್ತಿದ್ದೆ. ಅಷ್ಟರಲ್ಲಿ ಅತ್ತೆ ಕೂಸಿಗೆ ಹಾಕುವ ಲೋಬಾನದ ಹೊಗೆ ತಂದಿಟ್ಟರು. ಕೋಣೆಯೆಲ್ಲ ಹೊಗೆ.

"ಮನಿಗೆ ಬೆಂಕಿ ಹತ್ಯದೇನ್ರಿ? ಕೂಸಿನ್ನ ತಗೊಂಡು ಹೊರಗ ಓಡ್ರಿ" ಎಂದು ಮೇಡಂ ಕುರ್ಚಿ ಬಿಟ್ಟು ಎದ್ದೇಬಿಟ್ಟರು.

ಹೊಗೆಯೊಳಗಿಂದ ಅತ್ತೆಯ ಮುಖ ತೂರಿಬಂತು. "ಬೆಂಕಿ ಅಲ್ರಿ, ಲೋಬಾನ. ಬಾಣಂತಿನ್ನ ಭಾಳ ಮಾತಾಡಸಬ್ಯಾಡ್ರಿ, ತಲಿಗೆ ಗಾಳಿ ಹೊಗತದ. ಉಳದದ್ದು ನನ್ನ ಕೇಳ್ರಿ."

ಮೇಡಂ ಸುಧಾರಿಸಿಕೊಂಡು ಕೇಳಿದರು: "ಸಣ್ಣ ಕೂಸು ಬಿಟ್ಟು ಕಾಲೇಜಿಗೆ ಹೆಂಗ ಬರ್ತಾರ್ರಿ?"

"ಕೂಸಿನ್ನ ನಾ ನೋಡ್ಕೊಂತೀನಿ. ನಿಮ್ಮ ಹುಡುಗ್ಯಾರು ಹೇಳಿದ ಮಾತು ಕೇಳ್ಲಿಲ್ಲಂದ್ರ ಅದನ್ನೂ ನನಗ ಹೇಳ್ರಿ. ಕುರಿಹಿಂಡು ಹದ್ದುಬಸ್ತಿನ್ಯಾಗ ಇಟ್ಟಾಕಿ ನಾನು."

ಮೇಡಂ ಏನೋ ಹೇಳಲು ಬಾಯಿ ತೆರೆದರು. ತೆರೆದ ಬಾಯಿ ಪರದೆಯ ಮೇಲೆ ಹಾಗೆಯೇ ನಿಂತುಬಿಟ್ಟಿತು. ಹೊರಗೆ ಹಸಿದ ಕುರಿಗಳು ಹಟ್ಟಿಯ ಮುಳ್ಳುಬೇಲಿ ಕೆಡವಿ ಓಡಿದ್ದವು. ಪದ ಕೇಳಿಸಿ ಅವನ್ನು ತಿರುಗಿಸಲು ಮಾವ ಮಾಳಿಗೆ ಮೇಲಿನ ಫೋನು ಎತ್ತಿಕೊಂಡು ಬೆನ್ನಟ್ಟಿದ್ದರು.

"ಯವ್ವಾ, ನನ್ನ ನೌಕ್ರಿ ನೀನಾ ಕಳದಿ" ಎಂದು ಹೆಂಡತಿ ಕೂಸನ್ನು ಅವಚಿಕೊಂಡು ಅತ್ತಳು. ಅತ್ತೆ ಅಂದು ಉಣ್ಣಲಿಲ್ಲ. ನಾನು ಮುಖ ಇಳಿಬಿಟ್ಟುಕೊಂಡೇ ರಾಯಚೂರಿಗೆ ಮರಳಿದೆ.

ಮರುದಿನ ಬಸ್ ನಿಲ್ದಾಣದಲ್ಲಿದ್ದಾಗ, ಅರ್ಜಿಯಲ್ಲಿದ್ದ ನನ್ನ ನಂಬರಿಗೆ ಮೇಡಂ ಫೋನು ಬಂತು. "ನೆಟ್ ಹೋಗೂದ್ರೊಳಗ ಕೇಳೂದೆಲ್ಲಾ ಕೇಳಿ ಮುಗಿಸಿದ್ವಿ, ನೌಕ್ರಿ ನಿಮ್ಮ ಮನಿಯವರಿಗೇ ಕೊಟ್ಟೀವ್ರಿ. ಬಾಣಂತನ ಮುಗಿಸಿಕೊಂಡು ಬರ್ಲಿ." ನಾನು ಫೋನಿಗೇ ಕೈ ಮುಗಿದೆ. ಮೇಡಂ ಮುಂದುವರಿಸಿದರು. "ಇನ್ನೊಂದು ಮಾತು. ನಮ್ಮ ಹಾಸ್ಟೆಲ್‌ಗೆ ವಾರ್ಡನ್ ಬೇಕಾಗ್ಯಾರ. ನಿಮ್ಮ ಅತ್ತಿಯವರು ಸಂದರ್ಶನಕ್ಕ ಕೂಡ್ತಾರೇನ್ ಕೇಳ್ರಿ."

ಸಂಜೆ ಮಾವನ ಫೋನಿಗೆ ಕರೆ ಹಚ್ಚಿ ಅತ್ತೆಗೆ ಎರಡೂ ಸುದ್ದಿ ಹೇಳಿದೆ. ಮಗಳ ಸುದ್ದಿಗೆ ಅವರು ಬಿಕ್ಕಿ ಬಿಕ್ಕಿ ಅತ್ತರು. ವಾರ್ಡನ್ ಕೆಲಸದ ಸುದ್ದಿಗೆ ಅಳು ನಿಲ್ಲಿಸಿ ಗಂಟಲು ಸರಿಮಾಡಿಕೊಂಡರು. ಆಮೇಲೆ ಅಂದರು:

"ಕೂಡ್ತೀನಂತ ಹೇಳ್ರಿ ಅಳಿಯಾರ. ಆದ್ರ ಮುಂಜಾನಿ ಲಗೂನ ಇಟ್ಕೋಬೇಕು. ಕುರಿ ಹೊರಗ ಬಿದ್ದ ಮ್ಯಾಲ ನಮ್ಮಲ್ಲಿ ನೆಟ್ ಇರಂಗಿಲ್ಲ."