ನೆವಿಲ್ ಹೊಲದಲ್ಲಿ ಕೂತದ್ದು

ಬೆಳಗ್ಗೆ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆಯುವಾಗ ನೆವಿಲ್ ಮಾಲ್ಟ್‌ಬಿ ಮಣ್ಣಿನ ಬಿಸಿ ಅಳೆಯುವ ತನ್ನ ಥರ್ಮಾಮೀಟರನ್ನು ತಾನೇ ಚಕ್ರದಡಿ ಪುಡಿ ಮಾಡಿಕೊಂಡ. ಚಳಿ ಇನ್ನೂ ಪೂರ್ತಿ ಬಿಡದ ಲಿಂಕನ್‌ಶೈರಿನ ಮಾರ್ಚ್ ತಿಂಗಳು. ಮಣ್ಣು ಬೆಚ್ಚಗಾಗದೆ ಬಾರ್ಲಿ ಬಿತ್ತಿದರೆ ಬೀಜ ಕೊಳೆಯುವುದು ಖಂಡಿತ. ಬಿತ್ತನೆ ಯಂತ್ರ ಅವನಿಗೂ ಪಕ್ಕದ ಹೊಲದ ಸೈಲಸ್ ಅಜ್ಜನಿಗೂ ಸೇರಿ ಒಂದೇ. ಇವತ್ತು ನೆವಿಲ್‌ನ ಸರದಿ. ಇವತ್ತು ಬಿಟ್ಟರೆ ಇನ್ನು ಹತ್ತು ದಿನ ಮಳೆಯಂತೆ.

ಸೈಲಸ್ ಅಜ್ಜ ಪಬ್ಬಿನಲ್ಲಿ ಸದಾ ಹೇಳುತ್ತಿದ್ದ: "ಪ್ಯಾಂಟು ಬಿಚ್ಚಿ ಮಣ್ಣಿನ ಮೇಲೆ ಕೂತ್ಕೋಬೇಕು. ಕುಂಡೆಗೆ ಹಿತ ಅನ್ಸಿದ್ರೆ ಬಿತ್ತಬೇಕು. ಹಿರಿಯರು ಮಾಡ್ತಿದ್ದದ್ದೇ ಹಾಗೆ."

ಇದನ್ನು ಕೇಳಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನೆವಿಲ್. ಆದರೆ ಪ್ರತಿ ವರ್ಷ ಮೊದಲು ಮೊಳೆಯುವುದು ಅಜ್ಜನ ಬಾರ್ಲಿಯೇ. ಅದು ಅವನ ಹೊಟ್ಟೆ ಉರಿಸುತ್ತಿತ್ತು.

ಸುತ್ತ ನೋಡಿದ. ಯಾರೂ ಇಲ್ಲ. ಪ್ಯಾಂಟನ್ನು ಬೇಲಿಗೆ ನೇತುಹಾಕಿ, ಉದ್ದನೆಯ ಕೋಟನ್ನು ಮಂಡಿಯ ಮೇಲೆ ಹರಡಿಕೊಂಡು ಕೂತ. ಅಷ್ಟೇನೂ ತಣ್ಣಗಿಲ್ಲ ಎನಿಸಿತು. ಇನ್ನೇನು ಏಳಬೇಕು, ಕಾಲುದಾರಿಯಲ್ಲಿ ನೆರೆಮನೆಯ ಹೆಸ್ಟರಮ್ಮ ನಾಯಿಯೊಂದಿಗೆ ಪ್ರತ್ಯಕ್ಷಳಾದಳು.

"ಯಾಕೋ ನೆವಿಲ್, ಅಲ್ಲಿ ಕೂತಿದ್ದೀಯ?"

"ಎರೆಹುಳ ಎಣಿಸ್ತಿದ್ದೀನಿ."

ಎರೆಹುಳದ ಬಗ್ಗೆಯೂ ಹೆಸ್ಟರಮ್ಮನಿಗೆ ಹೇಳಲು ಬೇಕಾದಷ್ಟಿತ್ತು. ಅದು ಮುಗಿದು, ತಂಗಿಯ ಮಂಡಿನೋವು, ಪಾದ್ರಿಯ ಹೊಸ ಮೀಸೆ ಎಲ್ಲ ಮುಗಿಯುವಷ್ಟರಲ್ಲಿ ಚಳಿಗೆ ಮರಗಟ್ಟಿದ ನೆವಿಲ್‌ಗೆ ತನ್ನ ಕೆಳಭಾಗ ಇದೆಯೋ ಇಲ್ಲವೋ ಎಂಬ ಅನುಮಾನ ಬಂದಿತ್ತು. ಆ ಹೊತ್ತಿಗೆ ನಾಯಿ ಬೇಲಿಯ ಮೇಲಿನ ಪ್ಯಾಂಟನ್ನು ಕಚ್ಚಿಕೊಂಡು ಬಂತು.

"ಯಾರದ್ದೋ ಏನೋ. ಚರ್ಚಿನ ಹಳೇ ಬಟ್ಟೆ ಮಾರಾಟಕ್ಕೆ ಕೊಟ್ಬಿಡ್ಲಾ?"

"ಕೊಟ್ಬಿಡಿ," ಎಂದ ನೆವಿಲ್. ಬೇರೇನು ಹೇಳಿಯಾನು?

ಅವಳು ಹೋದ ಬೆನ್ನಿಗೇ ಸೈಲಸ್ ಅಜ್ಜನ ಟ್ರ್ಯಾಕ್ಟರು ಬಂತು. ಅಜ್ಜ ಇಳಿದು, ಕೋಟಿನಡಿಯಿಂದ ಇಣುಕುತ್ತಿದ್ದ ಬರಿಗಾಲುಗಳನ್ನು ನೋಡಿದ. ನಗಲಿಲ್ಲ.

"ಹೇಗಿದೆ ಮಗಾ, ಮಣ್ಣು?"

"ಮಂಜುಗಡ್ಡೆ. ಇವತ್ತು ಬಿತ್ತೋ ಮಾತೇ ಇಲ್ಲ. ಬೇಕಾದ್ರೆ ಯಂತ್ರ ನೀವೇ ತಗೊಂಡ್ಹೋಗಿ."

"ಸರಿ ಹಾಗಾದ್ರೆ," ಎಂದ ಅಜ್ಜ, ಜೇಬಿನಿಂದ ಒಂದು ಥರ್ಮಾಮೀಟರ್ ತೆಗೆದು ಮಣ್ಣಿಗೆ ಚುಚ್ಚಿದ. "ಒಂಬತ್ತು ಡಿಗ್ರಿ. ಹದವಾಗಿದೆ. ನಾನು ಈಗಲೇ ಬಿತ್ಬಿಡ್ತೀನಿ."

ನೆವಿಲ್‌ಗೆ ಅಳುವೇ ಬಂತು. "ಅಲ್ಲ ಅಜ್ಜ, ಹಿರಿಯರೆಲ್ಲ ಕೂತು ನೋಡಿಯೇ ಬಿತ್ತಿದ್ದು ಅಂತಿದ್ರಲ್ಲ?"

ಅಜ್ಜ ಯಂತ್ರವನ್ನು ತನ್ನ ಟ್ರ್ಯಾಕ್ಟರಿಗೆ ಸಿಕ್ಕಿಸಿ ಸೀಟು ಹತ್ತಿದ.

"ಹಾಗಂತಾರಪ್ಪ. ನಮ್ಮಪ್ಪ ಕೂತಿದ್ದು ನಾ ಕಂಡಿಲ್ಲ, ನಮ್ಮಜ್ಜ ಕೂತಿದ್ದೂ ಕಂಡಿಲ್ಲ. ಈ ಎಂಬತ್ತು ವರ್ಷದಲ್ಲಿ ಕಣ್ಣಾರೆ ಕಂಡಿದ್ದು ನಿನ್ನೊಬ್ಬನ್ನೇ."