ಕಾರುಗಳಿಗೊಂದು ಪ್ರಾಕ್ಟಿಕಲ್ ಪರೀಕ್ಷೆ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನಿಗೆ ಎರಡು ಕಾರುಗಳಲ್ಲಿ ಒಂದನ್ನು ಆರಿಸುವುದು ಏನು ಮಹಾ ಕೆಲಸ? ಹೀಗೆಂದುಕೊಂಡೇ ನಾನು ಇನ್ನೂರು ಪುಟದ ಹೊಸ ನೋಟ್‌ಬುಕ್ ತಂದದ್ದು. ಈಗಲೂ ಹೇಳುತ್ತೇನೆ, ನನ್ನ ವಿಧಾನದಲ್ಲಿ ತಪ್ಪೇನೂ ಇರಲಿಲ್ಲ.

ಕಾರು ಬೇಕಾಗಿದ್ದುದು ನನ್ನ ಹೆಂಡತಿ ಪೂರ್ಣಿಮಾಗೆ. ಅವಳು ರಿಪ್ಪನ್‌ಪೇಟೆ ಕಡೆಯ ಆರೋಗ್ಯ ಕೇಂದ್ರವೊಂದರಲ್ಲಿ ನರ್ಸ್. ಹೊಸನಗರದ ನಮ್ಮ ಮನೆಯಿಂದ ದಿನಾ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದಳು. ಹೋದ ಮಳೆಗಾಲದಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಳು. ಆಗಲೂ ನಾನು ಕಾರುಗಳನ್ನು ಹೋಲಿಸುತ್ತಲೇ ಇದ್ದೆ. ಅದನ್ನು ನೆನೆದರೆ ನಾಚಿಕೆಯಾಗುತ್ತದೆ. "ಈ ಸಲ ಮಳೆ ಹಿಡಿಯೋದ್ರೊಳಗೆ ಕಾರು ಬರ್ಬೇಕು. ಇಲ್ದಿದ್ರೆ ನಿಮ್ಮ ನೋಟ್‌ಬುಕ್ಕು ಬಚ್ಚಲ ಒಲೆಗೆ," ಎಂದು ಅವಳು ಗಡುವು ಕೊಟ್ಟಳು.

ಸಣ್ಣ ಎಸ್‌ಯುವಿಗಳಲ್ಲಿ ಒಂದು ಕೆಂಪು, ಒಂದು ಬಿಳಿ ಕೊನೆಯ ಸುತ್ತಿಗೆ ಬಂದಿದ್ದವು. ಮೈಲೇಜು, ನೆಲದಿಂದ ಎತ್ತರ, ಡಿಕ್ಕಿಯಲ್ಲಿ ಎಷ್ಟು ಮೂಟೆ ಅಕ್ಕಿ ಹಿಡಿಯುತ್ತದೆ, ನನ್ನ ಅಮ್ಮ ಯಾರ ಕೈಯನ್ನೂ ಹಿಡಿಯದೆ ಹತ್ತಬಹುದೇ, ಹೀಗೆ ನಲವತ್ತೊಂದು ಪ್ರಶ್ನೆ, ತಲಾ ಹತ್ತು ಅಂಕ. ಕೂಡಿದರೆ ಎರಡೂ ಸಮ! ಮರುಎಣಿಕೆ ಮಾಡಿದೆ. ಆಗಲೂ ಸಮ! ಇನ್ನು ಪ್ರಾಕ್ಟಿಕಲ್ ಪರೀಕ್ಷೆಯೊಂದೇ ದಾರಿ.

ಎರಡೂ ಶೋರೂಮಿನವರನ್ನು ಒಂದೇ ದಿನ, ಹತ್ತು ಗಂಟೆಗೆ ಸರಿಯಾಗಿ ಮನೆಗೆ ಬರಹೇಳಿದೆ. ಬೇರೆ ಬೇರೆ ಹೊತ್ತಿಗೆ ಕರೆದರೆ ಪ್ರಶ್ನೆಪತ್ರಿಕೆ ಸೋರಿಕೆಯಾಗುವುದಿಲ್ಲವೇ? ನಮ್ಮ ಓಣಿ ಒಂದು ಕಾರಿನಷ್ಟೇ ಅಗಲ, ಅದೂ ನಮ್ಮ ಗೇಟಿಗೇ ಮುಗಿಯುತ್ತದೆ ಎಂಬುದು ನನ್ನ ಪಠ್ಯಕ್ರಮದಲ್ಲಿರಲಿಲ್ಲ. ಕೆಂಪು ಒಳಗೆ ಬಂತು. ಅದರ ಬೆನ್ನಿಗೇ ಬಿಳಿ ಬಂದು ನಿಂತಿತು. ಬಿಳಿ ಹಿಂದೆ ಸರಿಯದೆ ಕೆಂಪು ಅಲ್ಲಾಡುವಂತಿಲ್ಲ.

ನಾನೇ ಹಿಂದೆ ನಿಂತು "ಬರ್ಲಿ, ಬರ್ಲಿ" ಎಂದು ಕೈ ಬೀಸಿದೆ. ನಡುವೆ ರಿವರ್ಸ್ ಕ್ಯಾಮೆರಾಕ್ಕೆ ಅಂಕ ಬರೆಯಲೆಂದು ತಲೆ ತಗ್ಗಿಸಿದೆ. "ಸಾಕು" ಎನ್ನುವುದು ಮರೆತೇಹೋಯಿತು. ಚಕ್ರ ಚರಂಡಿಗಿಳಿಯಿತು!

ಅಕ್ಕಪಕ್ಕದವರೆಲ್ಲ ಸೇರಿದರು. ಬಿಳಿ ಕಾರು ತಂದವರು ಬೆವರುತ್ತ ಕೀ ನನ್ನತ್ತ ಚಾಚಿ, ಓಣಿಯ ಅಂದಾಜು ನಿಮಗೇ ಗೊತ್ತು, ನೀವೇ ತೆಗೆಯಿರಿ ಎಂದರು. ನನಗೆ ಡ್ರೈವಿಂಗ್ ಬರುವುದಿಲ್ಲ. ಇದನ್ನು ನಾನೇನೂ ಮುಚ್ಚಿಟ್ಟಿರಲಿಲ್ಲ. ಒಂದು ವರ್ಷದಲ್ಲಿ ಯಾವ ಶೋರೂಮಿನವರೂ ಕೇಳಿರಲಿಲ್ಲ, ಅಷ್ಟೆ.

ಪೂರ್ಣಿಮಾ ಕೀ ಇಸಿದುಕೊಂಡಳು. ಅವಳು ಅರಳಸುರಳಿಯ ತವರಿನಲ್ಲಿ ಅಪ್ಪನ ಜೀಪು ಓಡಿಸಿ ಪಳಗಿದವಳು. ನೆರೆಯವರು ನೂಕಿದರು, ಅವಳು ಚಕ್ರವನ್ನು ಮೇಲೆತ್ತಿಸಿ, ಓಣಿಯುದ್ದಕ್ಕೂ ಹಿಂದಕ್ಕೇ ಓಡಿಸಿ ಕಾರನ್ನು ರಸ್ತೆ ಮುಟ್ಟಿಸಿದಳು. ಕೆಂಪನ್ನೂ ಹಾಗೆಯೇ ಹೊರಗೆ ತೆಗೆದಳು. ಇಳಿದು ಬಂದು, "ಬಿಳೀದೇ ಇರ್ಲಿ. ನಿಮ್ಮ ಕೈಗೆ ಸಿಕ್ಕೂ ಬದುಕಿ ಬಂತಲ್ಲ," ಎಂದಳು.

ಚರಂಡಿಗೆ ಬಿದ್ದದ್ದಕ್ಕೆ ನಾನು ಬಿಳಿಗೆ ಅರ್ಧ ಅಂಕ ಕಳೆದಿದ್ದೆ. ನೋಟ್‌ಬುಕ್ಕಿನಲ್ಲಿ ಗೆದ್ದದ್ದು ಕೆಂಪೇ. ಅದನ್ನು ತಿದ್ದಿಲ್ಲ, ತಿದ್ದುವುದೂ ಇಲ್ಲ. ಮಳೆಗೆ ಮೊದಲೇ ಮನೆಗೆ ಬಿಳಿ ಬಂತು. ಈಗ ಅವಳು ಕಾರಿನಲ್ಲಿ ಹೋಗುತ್ತಾಳೆ, ನಾನು ಅವಳ ಸ್ಕೂಟರಿನಲ್ಲಿ. ಹಟ ಹಿಡಿದು ಅವಳಿಂದಲೇ ಡ್ರೈವಿಂಗ್ ಕಲಿತು ಲೈಸೆನ್ಸಿಗೂ ಅರ್ಜಿ ಹಾಕಿದೆ. ಹೋದ ವಾರ ಸಾಗರದಲ್ಲಿ ಪರೀಕ್ಷೆ. ರಿವರ್ಸಿನಲ್ಲಿ ಫೇಲು!

ನಾನು ಬಿಡಲಿಲ್ಲ. ಮರುಮೌಲ್ಯಮಾಪನಕ್ಕೆ ಎಲ್ಲಿ ಅರ್ಜಿ ಕೊಡಬೇಕೆಂದು ಇನ್‌ಸ್ಪೆಕ್ಟರನ್ನು ಜೋರಾಗಿಯೇ ಕೇಳಿದೆ. ಅವರು ಕಾರಿಗೊರಗಿ ನಿಂತಿದ್ದ ಪೂರ್ಣಿಮಾಳನ್ನು ತೋರಿಸಿ, "ಅಲ್ಲಿ ಕೊಡಿ ಮೇಷ್ಟ್ರೇ," ಎಂದರು.