ಹಾರ್ನೆಸ್ಸಿನೊಳಗೆ ಯಾರು?

ಟೀಚರಮ್ಮ ಬೆಳಿಗ್ಗೆ ಮಗಳ ಮನೆಗೆ ಹೊರಡುವಾಗ ಗುಂಡು ಎಂಬ ತಮ್ಮ ಅಂಗೈಯಗಲದ ನಾಯಿಯನ್ನು ಬಾಡಿಗೆದಾರನ ಕೈಗೆ ಒಪ್ಪಿಸಿದರು. "ಸಂಜೆ ಬರ್ತೀನಿ. ನನ್ನ ಗುಂಡೂಗೆ ಏನಾದ್ರೂ ಆಯ್ತೋ, ಮನೆ ಖಾಲಿ ಮಾಡೋಕೆ ರೆಡಿಯಾಗಿರಿ!"

ಬಾಡಿಗೆದಾರ ಗಡಿಯಾರ ರಿಪೇರಿಯವನು, ಬೀದಿಗೆಲ್ಲ ಮುಳ್ಳಣ್ಣ. ಮುಂದಿನ ಕೋಣೆಯಲ್ಲಿ ಅಂಗಡಿ, ಹಿಂದಿನದರಲ್ಲಿ ಸಂಸಾರ. ಈ ಮನೆ ಹೋದರೆ ಎರಡೂ ಬೀದಿಪಾಲು. ಪಾಪ, ಗುಂಡುವಿನ ಕೊರಳಿನ ಕಾಲರಿಗೆ ಹಗ್ಗ ಸಿಕ್ಕಿಸಿ ಹೆದರುತ್ತಲೇ ವಾಕಿಂಗ್ ಹೊರಟ.

ಗುಂಡು ಮುಂದಕ್ಕೆ ಎಳೆಯಿತು, ಖೊಕ್ ಖೊಕ್ ಕೆಮ್ಮಿತು.

"ಅಯ್ಯೋ ಮುಳ್ಳಣ್ಣ!" ಔಷಧಿ ಅಂಗಡಿಯ ಅಕ್ಕ ಒಳಗಿನಿಂದಲೇ ಕೂಗಿದಳು. "ಇಷ್ಟು ಚಿಕ್ಕ ನಾಯಿಗೆ ಕಾಲರ್ ಹಾಕಿ ಎಳೀತಾರಾ? ಗಂಟಲು ಅಮುಕಲ್ವಾ? ಎದೆ ಸುತ್ತ ಹಾಕೋ ಹಾರ್ನೆಸ್ ತಗೊಳ್ಳಿ."

ಎದುರು ಜಗಲಿಯಲ್ಲಿ ಕೂತಿದ್ದ ಹಳೇ ಡ್ರೈವರ್ ಮಾವ ಬಿಡಬೇಕಲ್ಲ! "ಅವಳ ಮಾತು ಕೇಳ್ಬೇಡ ಕಣಯ್ಯಾ. ಹಾರ್ನೆಸ್ ಆದ್ರೆ ಹಿಂದಕ್ಕೆ ಜಗ್ಗಿ ನುಣುಚ್ಕೊಂಡು ಹೋಗುತ್ತೆ."

"ಉಸಿರು ಕಟ್ಟಿ ಸತ್ರೆ ನೀವು ಬರ್ತೀರಾ?"

"ಓಡಿಹೋದ್ರೆ ನೀನು ಹುಡುಕ್ತೀಯಾ?"

ಗುಂಡು ಮತ್ತೆ ಕೆಮ್ಮಿತು. ಮುಳ್ಳಣ್ಣ ಹಳೇ ಸಾಮಾನಿನ ಅಂಗಡಿಗೆ ಓಡಿ, ಒಂದು ಪುಟ್ಟ ಕೆಂಪು ಹಾರ್ನೆಸ್ ಹಿಡಿದ. "ಒಳ್ಳೇ ಮಾಲು," ಎಂದ ಅಂಗಡಿಯವನು. "ತಗೊಂಡೋರು ಯಾಕೋ ಮಾರನೇ ದಿನಾನೇ ವಾಪಸ್ ತಂದಿಡ್ತಾರೆ." ಗಡಿಬಿಡಿಯಲ್ಲಿ ಮುಳ್ಳಣ್ಣ ಅದಕ್ಕೆ ಕಿವಿಗೊಡದೆ, ಕಾಲರ್ ಬಿಚ್ಚಿ ಗುಂಡುವಿಗೆ ಹಾರ್ನೆಸ್ ತೊಡಿಸಿ ಹೊರಟ.

ಪಾರ್ಕಿನ ತಿರುವಿನಲ್ಲಿ ಬೆಕ್ಕೊಂದು ಹಾದುಹೋಯಿತು. ಗುಂಡು ಹಿಂದಕ್ಕೆ ಜಗ್ಗಿ, ಕಾಲು ಬಿಡಿಸಿಕೊಂಡು, ಬೇಲಿ ತೂರಿ ಮಾಯವಾಯಿತು! ಮುಳ್ಳಣ್ಣನ ಜೀವ ಬಾಯಿಗೆ ಬಂತು. ಹಗ್ಗ ಬಿಸಾಡಿ ಓಡಬೇಕೆನ್ನುವಷ್ಟರಲ್ಲಿ ಹಗ್ಗ ಬಿಗಿಯಾಯಿತು.

ನೆಲದ ಮೇಲೆ ಬಿದ್ದಿದ್ದ ಖಾಲಿ ಹಾರ್ನೆಸ್ ಮೆಲ್ಲಗೆ ಎದ್ದು ನಿಂತಿತ್ತು. ಪಟ್ಟಿಗಳು ತುಂಬಿಕೊಂಡು ದುಂಡಗಾಗಿದ್ದವು. ಒಳಗೆ ಯಾರೋ ಉಸಿರಾಡುತ್ತಿರುವಂತೆ ಹಿಗ್ಗಿ ಕುಗ್ಗುತ್ತಿದ್ದವು. ಉರಿಬಿಸಿಲಿನಲ್ಲಿ ನೆಲದ ಮೇಲೆ ಪಟ್ಟಿಗಳ ನೆರಳಷ್ಟೇ ಇತ್ತು. ಆಮೇಲೆ ಅದು ಮನೆ ಕಡೆ ನಡೆಯತೊಡಗಿತು. ಹಗ್ಗ ಬಿಡಲೂ ಭಯ, ಹಿಡಿಯಲೂ ಭಯ. ಮುಳ್ಳಣ್ಣ ಬೆವರುತ್ತ ಹಿಂದೆ ಹೋದ.

"ನೋಡಿದ್ರಾ, ಒಂದು ಕೆಮ್ಮಿಲ್ಲ!" ಔಷಧಿ ಅಕ್ಕ ಹೊರಗೆ ಬಂದು, ಬಗ್ಗಿ, ಗಾಳಿಯನ್ನು ಮುದ್ದು ಮಾಡಿದಳು. ಒದ್ದೆಯಾದ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು.

"ಅಕ್ಕಾ... ಅದರೊಳಗೆ ನಾಯಿ ಇದೆಯಾ?"

"ಬಿಸಿಲಿಗೆ ತಲೆ ಕೆಟ್ಟಿದೆ ನಿಮಗೆ. ಹೋಗಿ, ನೀರು ಕುಡೀರಿ."

ಡ್ರೈವರ್ ಮಾವನೂ "ಸರಿ, ನಾನೇ ಸೋತೆ. ನಾಯಿ ಎಷ್ಟು ನೀಟಾಗಿ ನಡೀತಿದೆ" ಎಂದುಬಿಟ್ಟ.

ಸಂಜೆ ಟೀಚರಮ್ಮ ಬಂದು ಬಾಗಿಲ ಮುಂದಿನ ಕುರ್ಚಿಯಲ್ಲಿ ಕೂತರು. ಮುಳ್ಳಣ್ಣ ಅವರ ಕಾಲಿಗೆ ಬೀಳುವುದೊಂದೇ ದಾರಿಯೆಂದು ಬಗ್ಗಿದ. ಅಷ್ಟರಲ್ಲಿ ಹಾರ್ನೆಸ್ ಚಂಗನೆ ಅವರ ತೊಡೆಗೇರಿತು. ಟೀಚರಮ್ಮನ ಕೆನ್ನೆ ಒದ್ದೆಯಾಯಿತು.

"ನನ್ನ ಬಂಗಾರಾ! ಒಂದೇ ದಿನಕ್ಕೆ ಎಷ್ಟು ಶಿಸ್ತು ಕಲಿಸಿದ್ದೀರಿ!"

ಮನೆ ಉಳಿಯಿತು! ಅದು ಪಿಶಾಚಿಯೋ ಪೀಡೆಯೋ, ಇರಲಿ ಬಿಡು ಎಂದು ಮುಳ್ಳಣ್ಣ ನಿಟ್ಟುಸಿರುಬಿಟ್ಟ.

ಆಗ ಗೇಟಿನ ಸಂದಿಯಿಂದ ನಿಜವಾದ ಗುಂಡು ನುಗ್ಗಿ ಬಂತು. ಮೈಯೆಲ್ಲ ಚರಂಡಿಯ ಕೆಸರು, ಅದರ ಬಣ್ಣವೇ ತಿಳಿಯುವಂತಿರಲಿಲ್ಲ. ಟೀಚರಮ್ಮನ ತೊಡೆಯ ಮೇಲಿದ್ದುದನ್ನು ಕಂಡದ್ದೇ ಅದರ ರೋಮ ನಿಮಿರಿತು. ಕುಂಯ್‌ಗುಡುತ್ತ ಓಡಿ ಬಂದು ಮುಳ್ಳಣ್ಣನ ತೋಳಿನೊಳಗೆ ತಲೆ ಹುದುಗಿಸಿತು.

"ಇದ್ಯಾವುದು?"

"ಟೀಚರಮ್ಮ, ಇದೇ... ಇದೇ ನಿಮ್ಮ ಗುಂಡು."

"ಹಾಗಾದ್ರೆ ನನ್ನ ತೊಡೆ ಮೇಲಿರೋದು ಯಾರು?"

ಮುಳ್ಳಣ್ಣ ಅತ್ತ ನೋಡಿದ. ಕೆಂಪು ಹಾರ್ನೆಸ್ ನಿಧಾನವಾಗಿ ಅವನ ಕಡೆ ತಿರುಗಿ, ಗುರ್ ಎಂದಿತು. ಅವನು ಗುಂಡುವನ್ನು ಎದೆಗೊತ್ತಿಕೊಂಡ.

"ಓಹೋ! ನನಗೆ ಗೊತ್ತಿಲ್ಲದ ಹಾಗೆ ನೀವೂ ಒಂದು ನಾಯಿ ಸಾಕ್ತಿದ್ದೀರಾ? ನಿಮ್ಮ ಕಂಡ್ರೆ ಅದಕ್ಕೆಷ್ಟು ಸಲುಗೆ! ನಾಳೇನೇ ಮನೆ ಖಾಲಿ ಮಾಡಿ."

ಟೀಚರಮ್ಮ ಹಾರ್ನೆಸ್ಸನ್ನು ಎದೆಗವಚಿಕೊಂಡು ಒಳಗೆ ನಡೆದರು. ಬಾಗಿಲು ಹಾಕುವ ಮುಂಚೆ ಮತ್ತೆ ತಲೆ ಹೊರಗೆ ಹಾಕಿದರು.

"ಮತ್ತೆ, ಆ ಕೊಳಕು ನಾಯಿಗೆ ಬೇರೆ ಹೆಸರಿಡಿ. ಗುಂಡು ಅಂತ ಕರೆದ್ರೆ ನನ್ನ ಮಗೂಗೆ ಸಿಟ್ಟು ಬರುತ್ತೆ."